ಸೈನಿಕರ ಕ್ರಿಸ್‌ಮಸ್ ಪಾರ್ಟಿ: ಉಡುಗೊರೆ ಪಡೆದ ಮಗು ಮರಳಿ ಕೊಡುವುದೇನು?

ಡಿಸೆಂಬರ್ ಬಂತೆಂದರೆ ಜಗತ್ತಿನ ನಾನಾ ಭಾಗದ ಅಮೆರಿಕ ಸೇನಾ ನೆಲೆಗಳಿಂದ ಒಂದೇ ಬಗೆಯ ಚಿತ್ರಗಳು ಹೊರಬರತೊಡಗುತ್ತವೆ. ಸಮವಸ್ತ್ರದ ಮೇಲೆ ಸಾಂತಾ ಟೋಪಿ ಧರಿಸಿದ ಸೈನಿಕ, ಪಕ್ಕದಲ್ಲಿ ಸ್ಥಳೀಯ ಅನಾಥಾಲಯದ ಮಗು, ಆ ಮಗುವಿನ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ. ಜಪಾನ್ ಇರಲಿ, ದಕ್ಷಿಣ ಕೊರಿಯಾ ಇರಲಿ, ಪೆಸಿಫಿಕ್‌ನ ಯಾವುದೋ ದ್ವೀಪ ಇರಲಿ, ಊರು ಬದಲಾದರೂ ಚಿತ್ರ ಬದಲಾಗುವುದಿಲ್ಲ.

ಇಂಥ ಚಿತ್ರ ನೋಡಿದಾಗ ಎರಡು ಬಗೆಯ ಪ್ರತಿಕ್ರಿಯೆ ಸಹಜ. ಎಷ್ಟು ಒಳ್ಳೆಯ ಮನಸ್ಸು ಎನ್ನುವುದು ಒಂದು. ಇದೆಲ್ಲ ಬರೀ ಪ್ರಚಾರ ಎನ್ನುವುದು ಇನ್ನೊಂದು. ಕಳೆದ ಮುಕ್ಕಾಲು ಶತಮಾನದ ಇತಿಹಾಸ ತೆಗೆದು ನೋಡಿದರೆ ಎರಡೂ ಅರ್ಧ ಸತ್ಯ. ಸೈನಿಕನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುತ್ತ ಹೋದರೆ ಉತ್ತರ ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಉಡುಗೊರೆಗೆ ಬದಲಾಗಿ ಮಗು ಏನನ್ನಾದರೂ ಕೊಡುತ್ತಿದೆಯೇ?

ಶುರುವಾಗಿದ್ದು ಹೇಗೆ?

ಅಮೆರಿಕದೊಳಗೆ ಈ ಸಂಪ್ರದಾಯಕ್ಕೆ ದೊಡ್ಡ ರೂಪ ಕೊಟ್ಟಿದ್ದು 'ಟಾಯ್ಸ್ ಫಾರ್ ಟಾಟ್ಸ್'. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮರೀನ್ ಕೋರ್‌ನ ಮೀಸಲು ಪಡೆಯ ಮೇಜರ್ ಬಿಲ್ ಹೆಂಡ್ರಿಕ್ಸ್ ಇದನ್ನು ಆರಂಭಿಸಿದರು. ಅವರ ಪತ್ನಿ ಕೈಯಾರೆ ಮಾಡಿದ ಬೊಂಬೆಯೊಂದನ್ನು ಬಡ ಮಗುವಿಗೆ ತಲುಪಿಸಲು ಒಂದು ಸಂಸ್ಥೆ ಹುಡುಕಿದರಂತೆ. ಅಂಥದ್ದು ಸಿಗಲಿಲ್ಲ. ಹಾಗಾದರೆ ನೀವೇ ಒಂದನ್ನು ಶುರು ಮಾಡಿ ಎಂದು ಪತಿಗೆ ಹೇಳಿದರು. ಮೊದಲ ವರ್ಷ 5,000 ಆಟಿಕೆಗಳು ಸಂಗ್ರಹವಾದವು. ಮರುವರ್ಷ ಅದು ರಾಷ್ಟ್ರವ್ಯಾಪಿ ಅಭಿಯಾನವಾಯಿತು. 1995ರಲ್ಲಿ ಅಮೆರಿಕದ ರಕ್ಷಣಾ ಸಚಿವರು ಇದನ್ನು ಮರೀನ್ ಮೀಸಲು ಪಡೆಯ ಅಧಿಕೃತ ಕರ್ತವ್ಯಗಳ ಪಟ್ಟಿಗೇ ಸೇರಿಸಿದರು.

ಇಲ್ಲಿ ವಿವಾದಕ್ಕೆ ಹೆಚ್ಚು ಅವಕಾಶವಿಲ್ಲ. ಕೊಡುವವರೂ ಪಡೆಯುವವರೂ ಒಂದೇ ದೇಶದ ಪ್ರಜೆಗಳು. ಕೊಡುವ ಕೈಯಲ್ಲಿ ಬಂದೂಕಿಲ್ಲ. ಪಡೆಯುವವರು ಸೋತ ದೇಶದವರೂ ಅಲ್ಲ. ಸೈನಿಕ ತನ್ನ ದೇಶದ ಗಡಿ ದಾಟಿದ ಕೂಡಲೇ ಲೆಕ್ಕಾಚಾರ ಬದಲಾಗುತ್ತದೆ.

1948ರ ಬರ್ಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಮಾರ್ಗಗಳನ್ನೆಲ್ಲ ಮುಚ್ಚಿತ್ತು. ಅಮೆರಿಕ, ಬ್ರಿಟನ್ ವಿಮಾನಗಳು ಕಲ್ಲಿದ್ದಲು, ಹಿಟ್ಟು ಹೊತ್ತು ತರುತ್ತಿದ್ದವು. ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತಿದ್ದ ಮಕ್ಕಳೊಂದಿಗೆ ಗೇಲ್ ಹಾಲ್ವೋರ್ಸನ್ ಎಂಬ ಪೈಲಟ್ ಮಾತಿಗಿಳಿದರು. ಒಬ್ಬರೂ ಕೈ ಚಾಚಿ ಏನನ್ನೂ ಬೇಡಲಿಲ್ಲ. ಅದೇ ಅವರ ಮನಸ್ಸಿಗೆ ತಟ್ಟಿತು. ಜೇಬಿನಲ್ಲಿದ್ದ ಎರಡೇ ಎರಡು ಚೂಯಿಂಗ್ ಗಮ್ ಕೊಟ್ಟರು. ಮಕ್ಕಳು ಅದನ್ನು ಚೂರು ಮಾಡಿ ಹಂಚಿಕೊಂಡರು, ಸಿಗದವರು ಕಾಗದದ ವಾಸನೆ ನೋಡಿ ತೃಪ್ತಿಪಟ್ಟರು. ಮುಂದೆ ಕರವಸ್ತ್ರಗಳನ್ನೇ ಪ್ಯಾರಾಚೂಟ್ ಮಾಡಿ ವಿಮಾನದಿಂದ ಮಿಠಾಯಿ ಇಳಿಸತೊಡಗಿದರು.

ಅವರು ಇದಕ್ಕೆ ಮೇಲಧಿಕಾರಿಗಳ ಅನುಮತಿ ಪಡೆದಿರಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಮೊದಲು ಬೈಗುಳ, ನಂತರ ಬೆಂಬಲ ಸಿಕ್ಕಿತು. ಒಬ್ಬ ಪೈಲಟ್‌ನ ಕಳ್ಳತನದ ದಯೆ 'ಆಪರೇಷನ್ ಲಿಟಲ್ ವಿಟಲ್ಸ್' ಎಂಬ ಅಧಿಕೃತ ಕಾರ್ಯಾಚರಣೆಯಾಯಿತು. 20 ಟನ್‌ಗೂ ಹೆಚ್ಚು ಮಿಠಾಯಿ ಬರ್ಲಿನ್ ಮೇಲೆ ಇಳಿಯಿತು. ಮೂರು ವರ್ಷದ ಹಿಂದಷ್ಟೇ ಬಾಂಬ್ ಹಾಕಿದ್ದ ದೇಶದ ವಿಮಾನಗಳನ್ನು ಜರ್ಮನ್ ಮಕ್ಕಳು ಕೈಬೀಸಿ ಸ್ವಾಗತಿಸುವ ಚಿತ್ರ ಶೀತಲ ಸಮರದಲ್ಲಿ ಅಮೆರಿಕಕ್ಕೆ ಸಿಕ್ಕ ದೊಡ್ಡ ಗೆಲುವು. ಹಾಲ್ವೋರ್ಸನ್ 2022ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜರ್ಮನಿಯಲ್ಲೂ ಜನ ಅವರನ್ನು ನೆನೆದರು.

ಆ ದಯೆ ನಿಜ. ಅದನ್ನು ಸರ್ಕಾರ ಬಳಸಿಕೊಂಡಿದ್ದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಒಸಾಕಾದಲ್ಲಿ ಮುಗಿಯದ ಪಾರ್ಟಿ

ಸೈನಿಕರ ಕ್ರಿಸ್‌ಮಸ್ ಪಾರ್ಟಿಗಳ ಪೈಕಿ ಅತ್ಯಂತ ದೀರ್ಘಾಯುಷಿ ಎನ್ನಬಹುದಾದ ಕಥೆ ಜಪಾನ್‌ನ ಒಸಾಕಾದ್ದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ 27ನೇ ಇನ್‌ಫೆಂಟ್ರಿ ರೆಜಿಮೆಂಟ್ ಅಲ್ಲಿ ಬೀಡುಬಿಟ್ಟಿತ್ತು. 'ವುಲ್ಫ್‌ಹೌಂಡ್ಸ್' ಎಂದೇ ಹೆಸರಾದ ಈ ಪಡೆ ಕೆಲವೇ ವರ್ಷಗಳ ಹಿಂದೆ ಜಪಾನಿ ಸೈನಿಕರ ವಿರುದ್ಧ ಕಾದಾಡಿತ್ತು. 1949ರ ಕ್ರಿಸ್‌ಮಸ್‌ಗೆ ಕೆಲವು ಸೈನಿಕರು ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ 'ಹೋಲಿ ಫ್ಯಾಮಿಲಿ ಹೋಮ್' ಎಂಬ ಅನಾಥಾಲಯಕ್ಕೆ ಭೇಟಿ ಕೊಟ್ಟರು. ಅವರಲ್ಲಿ ಸಾರ್ಜೆಂಟ್ ಹ್ಯೂ ಓ'ರೈಲಿ ಒಬ್ಬರು.

ಅಲ್ಲಿನ ಸ್ಥಿತಿ ಕಂಡು ಕಳವಳಗೊಂಡ ಓ'ರೈಲಿ, ಸಂಬಳದ ದಿನ ಸಹೋದ್ಯೋಗಿಗಳ ಮುಂದೆ ಟೋಪಿ ಚಾಚಿದರು. ಆ ತಿಂಗಳು ಕೊಟ್ಟವರು ಮರುತಿಂಗಳೂ ಕೊಟ್ಟರು. 1950ರಲ್ಲಿ ರೆಜಿಮೆಂಟ್ ಕೊರಿಯಾ ಯುದ್ಧಕ್ಕೆ ಹೋಯಿತು. ಹಣ ಬರುವುದು ನಿಲ್ಲಲಿಲ್ಲ. ರಣರಂಗದಿಂದಲೇ ಸೈನಿಕರು ಕಳುಹಿಸಿದರು. ಮುಂದೆ ಪಡೆ ಹವಾಯಿಗೆ ಸ್ಥಳಾಂತರವಾಯಿತು. ಆಗಲೂ ನಂಟು ಕಡಿಯಲಿಲ್ಲ. 1957ರಿಂದ ಅನಾಥಾಲಯದ ಮಕ್ಕಳು ಹವಾಯಿಗೆ ಹೋಗಿ ಸೈನಿಕರ ಕುಟುಂಬಗಳೊಂದಿಗೆ ಉಳಿಯುವುದು, ಕ್ರಿಸ್‌ಮಸ್‌ಗೆ ಸೈನಿಕರು ಒಸಾಕಾಗೆ ಬರುವುದು ರೂಢಿಯಾಯಿತು. 1955ರಲ್ಲೇ ಈ ಕಥೆ ಹಾಲಿವುಡ್ ಸಿನಿಮಾ ಕೂಡ ಆಯಿತು.

ಈ ಕಥೆಯಲ್ಲಿ ಗಮನಿಸಬೇಕಾದ್ದು ಪಾರ್ಟಿಯ ಮರುದಿನ ಏನಾಯಿತು ಎಂಬುದನ್ನು. ಡಿಸೆಂಬರ್ 25ರಂದು ಕೇಕ್ ಕತ್ತರಿಸಿದ ಸೈನಿಕ ಜನವರಿಯಲ್ಲಿ ಅಕ್ಕಿಗೆ, ಔಷಧಿಗೆ, ಕಟ್ಟಡಕ್ಕೆ ದುಡ್ಡು ಕೊಟ್ಟ. ಹಣ ಸರ್ಕಾರದ್ದಲ್ಲ, ಅವನ ಸಂಬಳದ್ದು. ಅವನು ವರ್ಗವಾಗಿ ಹೋದ ಮೇಲೆ ಅವನ ಜಾಗಕ್ಕೆ ಬಂದವನು ಮುಂದುವರಿಸಿದ. ಪಾರ್ಟಿ ಎಂಬುದು ಅಲ್ಲಿ ವರ್ಷಪೂರ್ತಿಯ ಹೊಣೆಗಾರಿಕೆಯ ಒಂದು ದಿನ ಮಾತ್ರ.

ಅದೇ ಜಪಾನ್, ಇನ್ನೊಂದು ಮುಖ

ಒಸಾಕಾದಿಂದ ನೈಋತ್ಯಕ್ಕೆ ಸಮುದ್ರ ದಾಟಿ ಒಕಿನಾವಾಗೆ ಹೋದರೆ ಚಿತ್ರ ಬೇರೆಯಾಗುತ್ತದೆ. ಜಪಾನ್‌ನ ಒಟ್ಟು ಭೂಪ್ರದೇಶದಲ್ಲಿ ಈ ಪ್ರಾಂತ್ಯದ ಪಾಲು ಶೇ 0.6 ಮಾತ್ರ. ಆದರೆ ದೇಶದಲ್ಲಿ ಅಮೆರಿಕ ಸೇನೆಗೆಂದೇ ಮೀಸಲಾದ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು ಶೇ 70ರಷ್ಟು ಇಲ್ಲೇ ಇದೆ. ಇಲ್ಲಿನ ಮರೀನ್‌ಗಳೂ ಸ್ಥಳೀಯ ಮಕ್ಕಳ ಗೃಹಗಳಿಗೆ ಆಟಿಕೆ ಒಯ್ಯುತ್ತಾರೆ, ಹಬ್ಬದ ಊಟ ಹಾಕುತ್ತಾರೆ.

1995ರ ಸೆಪ್ಟೆಂಬರ್‌ನಲ್ಲಿ ಇದೇ ಒಕಿನಾವಾದಲ್ಲಿ ಅಮೆರಿಕ ಸೇನೆಯ ಮೂವರು 12 ವರ್ಷದ ಬಾಲಕಿಯನ್ನು ಅಪಹರಿಸಿ ಅತ್ಯಾಚಾರ ಮಾಡಿದರು. ಮರುತಿಂಗಳು ಸುಮಾರು 85,000 ಜನ ಬೀದಿಗಿಳಿದರು. ಸೇನೆಯ ಸಿಬ್ಬಂದಿಯನ್ನು ಯಾವಾಗ ಸ್ಥಳೀಯ ಪೊಲೀಸರಿಗೆ ಒಪ್ಪಿಸಬೇಕು ಎಂಬ ಒಪ್ಪಂದದ ಷರತ್ತು ಆಗ ಎರಡೂ ದೇಶಗಳ ನಡುವೆ ದೊಡ್ಡ ಜಗಳವಾಯಿತು.

ಹಬ್ಬದ ಪಾರ್ಟಿಗೆ ಬರುವ ಸೈನಿಕನಿಗೂ ಆ ಮೂವರಿಗೂ ಸಂಬಂಧವಿಲ್ಲ ಎನ್ನುವುದು ಸರಿ. ಆದರೆ ನೆಲೆಯ ಬೇಲಿಯಾಚೆ ಬದುಕುವ ತಾಯಿಗೆ ಇಬ್ಬರದೂ ಒಂದೇ ಸಮವಸ್ತ್ರ. ಜಮೀನು, ಸದ್ದು, ಸುರಕ್ಷತೆ, ನ್ಯಾಯ ಕುರಿತ ಅವಳ ಪ್ರಶ್ನೆಗಳಿಗೆ ಆಟಿಕೆ ಉತ್ತರವಾಗುವುದಿಲ್ಲ. ಉಡುಗೊರೆ ಬೇರೆ, ಬಾಕಿ ಬೇರೆ. ಬಾಕಿ ಉಳಿಸಿಕೊಂಡವರು ಉಡುಗೊರೆ ತಂದರೆ ಅದನ್ನು ನೋಡುವ ಕಣ್ಣೂ ಬೇರೆಯಾಗಿರುತ್ತದೆ.

ಏನಿದು ಆಪರೇಷನ್ ಕ್ರಿಸ್‌ಮಸ್ ಡ್ರಾಪ್?

ಪ್ರತಿ ಡಿಸೆಂಬರ್‌ನಲ್ಲಿ ಹೆಚ್ಚು ಸುದ್ದಿಯಾಗುವ ಇನ್ನೊಂದು ಕಾರ್ಯಕ್ರಮ ಪೆಸಿಫಿಕ್ ಸಾಗರದ್ದು. 1952ರಲ್ಲಿ ಗುವಾಮ್‌ನಿಂದ ಹಾರುತ್ತಿದ್ದ ಅಮೆರಿಕದ ಹವಾಮಾನ ವೀಕ್ಷಣಾ ವಿಮಾನದ ಸಿಬ್ಬಂದಿಗೆ ಕಪಿಂಗಮರಂಗಿ ಎಂಬ ಪುಟ್ಟ ಹವಳದ್ವೀಪದ ಜನ ಕೈಬೀಸುವುದು ಕಂಡಿತು. ವಿಮಾನದಲ್ಲಿದ್ದ ಸಾಮಾನುಗಳನ್ನೇ ಗಂಟು ಕಟ್ಟಿ, ಪ್ಯಾರಾಚೂಟ್ ಸಿಕ್ಕಿಸಿ ಕೆಳಗೆ ಬಿಟ್ಟರು. ಅಲ್ಲಿಂದ ಶುರುವಾದ ಸಂಪ್ರದಾಯ ಇಂದಿಗೂ ನಡೆದಿದೆ. ಅಕ್ಕಿ, ಮೀನಿನ ಬಲೆ, ಶಾಲಾ ಸಾಮಗ್ರಿ, ಆಟಿಕೆ ತುಂಬಿದ ಪೆಟ್ಟಿಗೆಗಳು ಸಿ-130 ವಿಮಾನಗಳಿಂದ 50ಕ್ಕೂ ಹೆಚ್ಚು ದ್ವೀಪಗಳಿಗೆ ಇಳಿಯುತ್ತವೆ. ಸಾಮಗ್ರಿಯ ಬಹುಪಾಲು ಗುವಾಮ್‌ನ ಜನ ಮತ್ತು ಸೈನಿಕ ಕುಟುಂಬಗಳ ದೇಣಿಗೆಯದ್ದು.

ಹಡಗು ಅಪರೂಪಕ್ಕೆ ಮುಖ ತೋರಿಸುವ ದ್ವೀಪಗಳಿಗೆ ಇದರ ಬೆಲೆ ಗೊತ್ತು. ಹಾಗೆಯೇ ಸೇನೆಗೂ ಲಾಭವಿದೆ, ಅದನ್ನು ಅದು ಬಚ್ಚಿಡುವುದೂ ಇಲ್ಲ. ಕಡಿಮೆ ಎತ್ತರದಲ್ಲಿ ಹಾರಿ, ಅಗ್ಗದ ಪ್ಯಾರಾಚೂಟ್ ಬಳಸಿ, ಸಣ್ಣ ಗುರಿಯ ಮೇಲೆ ಕರಾರುವಾಕ್ಕಾಗಿ ಸರಕು ಇಳಿಸುವುದು ಯುದ್ಧಕಾಲದಲ್ಲಿ ಬೇಕಾಗುವ ಕೌಶಲ. ಹೇಗೂ ತರಬೇತಿಗೆ ವಿಮಾನ ಹಾರಿಸಲೇಬೇಕು. ಅದರಲ್ಲಿ ಮರಳಿನ ಮೂಟೆ ತುಂಬುವ ಬದಲು ಅಕ್ಕಿ ಮೂಟೆ ತುಂಬಿದರೆ ಇಬ್ಬರಿಗೂ ಅನುಕೂಲ. 2015ರಿಂದ ಜಪಾನ್ ಮತ್ತು ಆಸ್ಟ್ರೇಲಿಯಾದ ವಾಯುಪಡೆಗಳೂ ಜತೆಯಾಗಿವೆ.

ಹಿಂದೆ ಭೂರಾಜಕೀಯದ ಲೆಕ್ಕವೂ ಇದೆ. ಮೈಕ್ರೊನೇಷ್ಯಾ, ಪಲಾವ್, ಮಾರ್ಷಲ್ ದ್ವೀಪಗಳ ರಕ್ಷಣೆಯ ಹೊಣೆ ಒಪ್ಪಂದದ ಪ್ರಕಾರ ಅಮೆರಿಕದ್ದು. ಬೇರೆ ದೇಶದ ಸೇನೆ ಅಲ್ಲಿಗೆ ಬರದಂತೆ ತಡೆಯುವ ಹಕ್ಕೂ ಅದಕ್ಕಿದೆ. 2022ರಲ್ಲಿ ಸಾಲೊಮನ್ ದ್ವೀಪಗಳು ಚೀನಾ ಜತೆ ಭದ್ರತಾ ಒಪ್ಪಂದ ಮಾಡಿಕೊಂಡ ಮೇಲೆ ವಾಷಿಂಗ್ಟನ್ ಎಚ್ಚೆತ್ತಿತು. 2024ರ ಮಾರ್ಚ್‌ನಲ್ಲಿ ಈ ಮೂರು ದೇಶಗಳಿಗೆ 20 ವರ್ಷಗಳಲ್ಲಿ ಸುಮಾರು 710 ಕೋಟಿ ಡಾಲರ್ ನೆರವು ನೀಡುವ ಕಾನೂನಿಗೆ ಅಂಕಿತ ಬಿತ್ತು. ಈ ದ್ವೀಪಗಳ ಯುವಕರು ಅಮೆರಿಕ ಸೇನೆಗೂ ಸೇರಬಹುದು, ಸೇರುತ್ತಲೂ ಇದ್ದಾರೆ. ಇವತ್ತು ಆಕಾಶದಿಂದ ಬಿದ್ದ ಆಟಿಕೆ ಹಿಡಿದ ಹುಡುಗ ನಾಳೆ ಅದೇ ಸೇನೆಯ ಸೈನಿಕನಾಗಬಹುದು.

ಇಲ್ಲಿ ಕೊಡು-ಕೊಳ್ಳುವ ಲೆಕ್ಕ ಮುಚ್ಚುಮರೆಯಿಲ್ಲದೆ ಇದೆ. ಅದು ದೇಶ ದೇಶಗಳ ನಡುವಿನದ್ದು, ಮಗುವಿನ ತಲೆಯ ಮೇಲೆ ಹೊರೆ ಹಾಕಿಲ್ಲ. ಹೊರೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಜಗತ್ತು ಬೇರೆ ಕಡೆ ನೋಡಿದೆ.

ಬಾಗ್ದಾದ್‌ನ ಮಿಠಾಯಿ

2004ರ ಸೆಪ್ಟೆಂಬರ್ 30. ಬಾಗ್ದಾದ್‌ನಲ್ಲಿ ಒಳಚರಂಡಿ ಘಟಕವೊಂದರ ಉದ್ಘಾಟನೆ ನಡೆದಿತ್ತು. ಅಮೆರಿಕದ ಸೈನಿಕರು ಮಿಠಾಯಿ ಹಂಚುತ್ತಿದ್ದರು, ಮಕ್ಕಳು ಸುತ್ತ ಮುತ್ತಿಕೊಂಡಿದ್ದರು. ಆಗ ಕಾರ್ ಬಾಂಬ್‌ಗಳು ಸ್ಫೋಟಿಸಿದವು. ಸುಮಾರು 35 ಮಕ್ಕಳು ಸತ್ತರು. ಹತ್ತು ತಿಂಗಳೂ ಕಳೆದಿರಲಿಲ್ಲ, 2005ರ ಜುಲೈ 13ರಂದು ಅದೇ ನಗರದಲ್ಲಿ ಅದೇ ರೀತಿ ನಡೆಯಿತು. ಮಕ್ಕಳಿಗೆ ಮಿಠಾಯಿ ಕೊಡುತ್ತಿದ್ದ ಸೈನಿಕರ ವಾಹನದ ಬಳಿ ಆತ್ಮಾಹುತಿ ದಾಳಿಕೋರ ಕಾರು ಸ್ಫೋಟಿಸಿದ. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು.

ಕೊಂದವರು ದಾಳಿಕೋರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯುದ್ಧ ನಡೆಯುತ್ತಿರುವ ಜಾಗದಲ್ಲಿ ಸೈನಿಕ ನಿಂತ ನೆಲವೇ ಗುರಿಯಾಗಿರುತ್ತದೆ. ಅಲ್ಲಿಗೆ ಮಕ್ಕಳನ್ನು ಕರೆಯುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಈ ಎರಡು ದಿನಗಳು ಎತ್ತಿದವು. ಒಂದು ಚಾಕೊಲೇಟ್‌ಗಾಗಿ ಓಡಿ ಬಂದ ಮಗುವಿಗೆ ಆ ಅಪಾಯದ ಲೆಕ್ಕ ಗೊತ್ತಿರುವುದಿಲ್ಲ. ಅದನ್ನು ಲೆಕ್ಕ ಹಾಕಬೇಕಾದವರು ದೊಡ್ಡವರು.

ಅಫ್ಗಾನಿಸ್ತಾನದಲ್ಲಿ ಇನ್ನೊಂದು ಬಗೆಯ ಬೆಲೆ ಕೇಳಲಾಯಿತು. ತಾಲಿಬಾನ್, ಅಲ್ ಖೈದಾ ಬಗ್ಗೆ ಮಾಹಿತಿ ಕೊಟ್ಟರೆ ನೆರವು ಮುಂದುವರಿಯುತ್ತದೆ ಎಂಬ ಅರ್ಥದ ಕರಪತ್ರಗಳನ್ನು 2004ರಲ್ಲಿ ಮೈತ್ರಿ ಪಡೆಗಳು ದಕ್ಷಿಣ ಭಾಗದಲ್ಲಿ ಹಂಚಿದವು. 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆ ಇದನ್ನು ಬಹಿರಂಗವಾಗಿ ಖಂಡಿಸಿತು. ಸೇನೆ ನೆರವನ್ನು ಅಸ್ತ್ರದಂತೆ ಬಳಸಿದರೆ ನೆರವು ಕೊಡುವ ಎಲ್ಲರನ್ನೂ ಶತ್ರುಪಕ್ಷದವರಂತೆ ನೋಡಲಾಗುತ್ತದೆ ಎನ್ನುವುದು ಅದರ ವಾದವಾಗಿತ್ತು. ಅದೇ ವರ್ಷ ಜೂನ್‌ನಲ್ಲಿ ಸಂಸ್ಥೆಯ ಐವರು ಸಿಬ್ಬಂದಿಯ ಹತ್ಯೆಯಾಯಿತು. 24 ವರ್ಷ ಕೆಲಸ ಮಾಡಿದ್ದ ದೇಶವನ್ನು ಅದು ತೊರೆಯಿತು. ಕೊನೆಗೆ ನಷ್ಟವಾಗಿದ್ದು ಆ ವೈದ್ಯರನ್ನೇ ನೆಚ್ಚಿಕೊಂಡಿದ್ದ ರೋಗಿಗಳಿಗೆ.

ಭಾರತದಲ್ಲಿ ಏನು ನಡೆಯುತ್ತಿದೆ?

ನಮ್ಮಲ್ಲೂ ಇದು ಹೊಸದಲ್ಲ. ಭಾರತೀಯ ಸೇನೆ ಜಮ್ಮು-ಕಾಶ್ಮೀರದಲ್ಲಿ 1998ರಲ್ಲಿ 'ಆಪರೇಷನ್ ಸದ್ಭಾವನಾ' ಆರಂಭಿಸಿತು. ವೈದ್ಯಕೀಯ ಶಿಬಿರ, ಕ್ರೀಡಾಕೂಟ, ಮಕ್ಕಳಿಗೆ ದೇಶ ತೋರಿಸುವ ಪ್ರವಾಸ, ಈದ್‌ಗೆ ಸಿಹಿ ಇವೆಲ್ಲ ಅದರ ಭಾಗ. ನಕ್ಸಲ್‌ಪೀಡಿತ ಪ್ರದೇಶಗಳಲ್ಲಿ ಸಿಆರ್‌ಪಿಎಫ್‌ನಂಥ ಪಡೆಗಳು ಗೃಹ ಸಚಿವಾಲಯದ ಹಣದಲ್ಲಿ 'ಸಿವಿಕ್ ಆ್ಯಕ್ಷನ್ ಪ್ರೋಗ್ರಾಂ' ನಡೆಸುತ್ತವೆ. ಈಶಾನ್ಯದಲ್ಲಿ ಕ್ರಿಸ್‌ಮಸ್ ಬಂದರೆ ಅಸ್ಸಾಂ ರೈಫಲ್ಸ್ ಮತ್ತು ಸೇನೆ ಅನಾಥಾಲಯಗಳಿಗೆ ಉಡುಗೊರೆ ಒಯ್ಯುತ್ತವೆ. ಉದ್ದೇಶ ಗುಟ್ಟೇನಲ್ಲ. 2006ರಲ್ಲಿ ಸೇನೆ ಪ್ರಕಟಿಸಿದ ಯುದ್ಧನೀತಿಯಲ್ಲೇ ಮಖಮಲ್ಲಿನ ಕೈಗವಸಿನೊಳಗಿನ ಉಕ್ಕಿನ ಮುಷ್ಟಿಯ ಮಾತಿದೆ.

ಸದ್ಭಾವನಾದಲ್ಲಿ ಉಳಿದುಕೊಂಡಿದ್ದು ಯಾವುದು ಎಂದು ಕೇಳಿದರೆ ಉತ್ತರ ಆರ್ಮಿ ಗುಡ್‌ವಿಲ್ ಶಾಲೆಗಳು. ದುರ್ಗಮ ಪ್ರದೇಶಗಳೂ ಸೇರಿದಂತೆ 40ಕ್ಕೂ ಹೆಚ್ಚು ಕಡೆ ಇಂಥ ಶಾಲೆಗಳು ನಡೆದಿವೆ. ಸೇನೆಯ ಬಗ್ಗೆ ಏನೇ ಅಭಿಪ್ರಾಯವಿದ್ದರೂ ಮಗಳನ್ನು ಓದಿಸಬೇಕೆಂಬ ತಂದೆ-ತಾಯಿ ಅಲ್ಲಿಗೆ ಕಳುಹಿಸಿದ್ದಾರೆ. ಒಸಾಕಾದ ಪಾಠವೇ ಇಲ್ಲೂ ಕಾಣುತ್ತದೆ. ಒಂದು ದಿನದ ಹಬ್ಬಕ್ಕಿಂತ ಹತ್ತು ವರ್ಷದ ತರಗತಿ ದೊಡ್ಡದು.

ಒಕಿನಾವಾದ ಪಾಠವೂ ಇಲ್ಲೇ ಇದೆ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡ್‌ನ ಮೋನ್ ಜಿಲ್ಲೆಯ ಓಟಿಂಗ್ ಬಳಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಆರು ಗಣಿ ಕಾರ್ಮಿಕರು ಉಗ್ರರೆಂದು ತಪ್ಪಾಗಿ ಭಾವಿಸಿದ ಸೇನೆಯ ಗುಂಡಿಗೆ ಬಲಿಯಾದರು. ನಂತರದ ಘರ್ಷಣೆಯಲ್ಲಿ ಇನ್ನಷ್ಟು ನಾಗರಿಕರು ಸತ್ತರು. ಕ್ರಿಸ್‌ಮಸ್‌ಗೆ ಮೂರೇ ವಾರ ಬಾಕಿ ಇತ್ತು. ಕೊನ್ಯಾಕ್ ಸಂಘಟನೆಗಳು ಸೇನೆಯೊಂದಿಗೆ ಅಸಹಕಾರ ಘೋಷಿಸಿದವು. ಸೇನೆಯಿಂದ ಬರುವ ನೆರವನ್ನೂ ಸ್ವೀಕರಿಸುವುದಿಲ್ಲ ಎಂದವು. ಪ್ರಕರಣದಲ್ಲಿ 30 ಸೈನಿಕರ ವಿಚಾರಣೆಗೆ ಕೇಂದ್ರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಪ್ರಕ್ರಿಯೆಯನ್ನು ಮುಕ್ತಾಯಗೊಳಿಸಿತು, ಅನುಮತಿ ಸಿಕ್ಕರೆ ಮುಂದುವರಿಸಬಹುದು ಎಂದಿತು. ಬಡ ಹಳ್ಳಿಯೊಂದು ನೆರವನ್ನು ಬೇಡವೆನ್ನುವುದು ಸಣ್ಣ ಮಾತಲ್ಲ. ಉಡುಗೊರೆ ಒಪ್ಪಿಕೊಂಡರೆ ಬಾಕಿ ತೀರಿತು ಎಂದಾಗಬಾರದು ಎಂಬ ಎಚ್ಚರ ಅದರಲ್ಲಿದೆ.

ಕನ್ನಡಿಗರಿಗೂ ಈ ಬಾಕಿಯ ಮಾತು ಹೊಸದಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು-ಕಚೇರಿ ಅಲೆದವು. ನೆಲೆಯ ಪಕ್ಕದಲ್ಲಿ ಬದುಕುವವರಿಗೆ ಮೊದಲು ಬೇಕಾದ್ದು ಹಕ್ಕಿನಿಂದ ಬರಬೇಕಾದ್ದು. ಹಬ್ಬದ ಸಿಹಿ ಆಮೇಲಿನದ್ದು.

ಮಕ್ಕಳ ವಿಚಾರದಲ್ಲಿ ಈ ಹಕ್ಕು ಇನ್ನೂ ಸ್ಪಷ್ಟ. ಛತ್ತೀಸ್‌ಗಢದಲ್ಲಿ ಭದ್ರತಾ ಪಡೆಗಳು ಬೀಡುಬಿಟ್ಟಿದ್ದ ಶಾಲೆ, ಹಾಸ್ಟೆಲ್‌ಗಳನ್ನು ತೆರವು ಮಾಡುವಂತೆ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಮಗುವಿಗೆ ಸ್ಕೂಲ್ ಬ್ಯಾಗ್ ಕೊಡುವುದು ಒಳ್ಳೆಯದು. ಆ ಬ್ಯಾಗ್ ಹೊತ್ತು ಹೋಗಲು ಶಾಲೆಯನ್ನು ಖಾಲಿ ಬಿಟ್ಟುಕೊಡುವುದು ಅದಕ್ಕಿಂತ ಒಳ್ಳೆಯದು.

ಚಿತ್ರ ಯಾರಿಗಾಗಿ?

ಇಂಥ ಕಾರ್ಯಕ್ರಮಗಳ ಚಿತ್ರಕ್ಕೆ ಶೀರ್ಷಿಕೆ ಕೊಡುವುದು ನನ್ನಂಥ ಸಬ್ ಎಡಿಟರ್‌ಗಳ ನಿತ್ಯದ ಕೆಲಸ. ಹೀಗಾಗಿ ಈ ಭಾಗವನ್ನು ಬಿಟ್ಟು ಹೋಗಲಾಗದು. ಸೇನೆ ಇರಲಿ, ರಾಜಕಾರಣಿ ಇರಲಿ, ಕಂಪನಿಯ ಸಿಎಸ್‌ಆರ್ ವಿಭಾಗ ಇರಲಿ, ಕಳುಹಿಸುವ ಚಿತ್ರದಲ್ಲಿ ಕೊಡುವವರ ಹೆಸರು, ಹುದ್ದೆ ಇರುತ್ತದೆ. ಪಡೆಯುವ ಮಗುವಿನ ಮುಖ ಸ್ಪಷ್ಟವಾಗಿರುತ್ತದೆ. ಜತೆಗೆ 'ಅನಾಥ', 'ನಿರ್ಗತಿಕ' ಎಂಬ ಪದ.

2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲಾಗುವಂಥ ವಿವರ, ಚಿತ್ರಗಳನ್ನು ವಿಚಾರಣೆ, ತನಿಖೆ ಅಥವಾ ನ್ಯಾಯಾಂಗ ಪ್ರಕ್ರಿಯೆಯ ವರದಿಗಳಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಉಲ್ಲಂಘಿಸಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಪಾರ್ಟಿಯ ಸುದ್ದಿ ತನಿಖೆಯ ವರದಿಯಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಕಾನೂನಿನ ಆಶಯ ಯಾರಿಗೂ ಅರ್ಥವಾಗುವಂಥದ್ದು. ಸಂಸ್ಥೆಯಲ್ಲಿ ಬೆಳೆದ ಮಗುವಿನ ಬೆನ್ನಿಗೆ ಆ ಗುರುತು ಜೀವನಪೂರ್ತಿ ಅಂಟಬಾರದು.

ಇಂಟರ್‌ನೆಟ್‌ಗೆ ಮರೆವಿಲ್ಲ. ಎಂಟನೇ ವಯಸ್ಸಿನಲ್ಲಿ ಪಡೆದ ಟೆಡ್ಡಿ ಬೇರ್ ಹತ್ತನೇ ವಯಸ್ಸಿಗೆ ಹರಿದು ಹೋಗುತ್ತದೆ. ಚಿತ್ರ ಮಾತ್ರ ಇಪ್ಪತ್ತೈದನೇ ವಯಸ್ಸಿನಲ್ಲಿ ಕೆಲಸ ಹುಡುಕುವಾಗಲೂ ಸರ್ಚ್‌ನಲ್ಲಿ ಸಿಗುತ್ತದೆ. ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರೆ. ಈಗ ಎರಡೂ ಕೈಗೆ ಗೊತ್ತಾಗಿ, ಊರಿಗೂ ಗೊತ್ತಾಗುತ್ತದೆ. ಆ ಪ್ರಚಾರದ ಬೆಲೆ ಕಟ್ಟುತ್ತಿರುವುದು ಕೈ ಚಾಚಿದ ಮಗು.

ಅನಾಥಾಲಯಗಳಿಗೆ ಹೊರಗಿನವರು ಬಂದು ಹೋಗುವುದರ ಬಗ್ಗೆಯೂ ಈಗ ಪ್ರಶ್ನೆಗಳಿವೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನಿರ್ಣಯ, ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದ ಆಗಬಹುದಾದ ಹಾನಿಯನ್ನು ಪ್ರಸ್ತಾಪಿಸಿದೆ. ಮಕ್ಕಳನ್ನು ಸಾಧ್ಯವಾದಷ್ಟು ಕುಟುಂಬದಲ್ಲೇ ಉಳಿಸಬೇಕು ಎಂದಿದೆ. ಬಂದವರೆಲ್ಲ ತಬ್ಬಿಕೊಂಡು, ಫೋಟೊ ತೆಗೆಸಿಕೊಂಡು, ಮತ್ತೆಂದೂ ಬಾರದೆ ಹೋದರೆ ಮಗು ಅದರಿಂದ ಕಲಿಯುವುದೇನು?

ಹಾಗಾದರೆ ಪಾರ್ಟಿ ಬೇಡವೇ?

ಬೇಕು. ಹಬ್ಬದ ದಿನ ಯಾರೋ ತನ್ನನ್ನು ನೆನೆದು ಬಂದರು ಎಂಬ ಸಂತೋಷವನ್ನು ಯಾವ ಮಗುವಿನಿಂದಲೂ ಕಿತ್ತುಕೊಳ್ಳಬಾರದು. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಸೈನಿಕನಿಗೂ ಆ ದಿನ ಒಂದು ಮಗುವಿನ ನಗು ಬೇಕಿರುತ್ತದೆ. ಅವನೂ ಯಾರದೋ ತಂದೆ, ಯಾರದೋ ಅಣ್ಣ.

ಆದರೆ ಮೆಚ್ಚುವ ಮೊದಲು ಕೆಲವು ಪ್ರಶ್ನೆ ಕೇಳುವುದು ನಮಗೆ ಸಾಧ್ಯ. ಪುಣೆ, ಸಿಕಂದರಾಬಾದ್, ದೆಹಲಿಯ ಕಂಟೋನ್ಮೆಂಟ್‌ಗಳ ಸುತ್ತಮುತ್ತ ಬದುಕುವ ಓದುಗರಿಗೆ, ತಮ್ಮ ಸಂಘದಿಂದಲೋ ಕಂಪನಿಯಿಂದಲೋ ದೀಪಾವಳಿಗೆ, ಕ್ರಿಸ್‌ಮಸ್‌ಗೆ ಅನಾಥಾಲಯಕ್ಕೆ ಹೋಗುವವರಿಗೂ ಇವು ಅನ್ವಯಿಸುತ್ತವೆ. ಪಾರ್ಟಿ ನಡೆಯುವ ಜಾಗ ಮಗುವಿಗೆ ಸುರಕ್ಷಿತವೇ? ಉಡುಗೊರೆಗೆ ಬದಲಾಗಿ ಮಾಹಿತಿ, ಜೈಕಾರ, ಫೋಟೊ ಏನನ್ನಾದರೂ ಕೇಳಲಾಗುತ್ತಿದೆಯೇ? ಈ ಊರಿಗೆ ಸಲ್ಲಬೇಕಾದ ಬಾಕಿಯೊಂದನ್ನು ಈ ಸಿಹಿ ಮರೆಮಾಚುತ್ತಿದೆಯೇ? ಜನವರಿಯಲ್ಲಿ ಯಾರು ಬರುತ್ತಾರೆ?

ಒಸಾಕಾದ ಅನಾಥಾಲಯಕ್ಕೆ ಬಂದ ಸೈನಿಕರು ಈ ಕೊನೆಯ ಪ್ರಶ್ನೆಗೆ 1950ರ ಜನವರಿಯಲ್ಲೇ ಉತ್ತರ ಕೊಟ್ಟರು. ಮತ್ತೆ ತಾವೇ ಬಂದರು. ಮುಂದಿನ ಸಲ ಸಾಂತಾ ಟೋಪಿಯ ಚಿತ್ರ ನಿಮ್ಮ ಮೊಬೈಲ್‌ಗೆ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಆ ಮಗುವಿನ ಮುಖ ಅದರಲ್ಲಿ ಇರಬೇಕಿತ್ತೇ ಎಂದು ಒಂದು ಕ್ಷಣ ಯೋಚಿಸಿದರೂ ಅದು ನಮ್ಮ ಕಡೆಯಿಂದ ಆ ಮಗುವಿಗೆ ಸಲ್ಲುವ ಉಡುಗೊರೆಯೇ.